ಸುಟ್ಟರೂ ಪೂಜೆ ಇದೆ, ಬೂದಿಗೂ ನೆಲ ಬೇಕು

ಪ್ರಶ್ನೆ: ಫಾದರ್, ನಮ್ಮ ತಂದೆಗೆ ಎಂಬತ್ತು ದಾಟಿದೆ. ಕೋಲಾರ ಚಿನ್ನದ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ರಾಬರ್ಟ್‌ಸನ್‌ಪೇಟೆ ಬಿಟ್ಟು ಕದಲಲಿಲ್ಲ. ತಾಯಿ ತೀರಿಕೊಂಡ ಮೇಲೆ ತುಮಕೂರಿಗೆ, ನನ್ನ ಮನೆಗೆ ಕರೆದುಕೊಂಡು ಬಂದೆ. ಈಗ ಅವರದು ಒಂದೇ ಹಟ: "ನನ್ನನ್ನು ಹೂಳಬೇಡಿ, ಸುಡಿ. ಬೂದಿಯಲ್ಲಿ ಅರ್ಧ ನಿಮ್ಮಮ್ಮನ ಸಮಾಧಿಗೆ, ಅರ್ಧ ಕಾವೇರಿಗೆ." ಅವರು ಹುಟ್ಟಿದ್ದು ಶಿವನಸಮುದ್ರದ ಹತ್ತಿರದ ಹಳ್ಳಿಯಲ್ಲಿ. ಅಣ್ಣ ಸುತರಾಂ ಒಪ್ಪುತ್ತಿಲ್ಲ. ಸುಟ್ಟರೆ ಚರ್ಚಿನಲ್ಲಿ ಪೂಜೆ ಸಿಗುವುದಿಲ್ಲ, ಕೊನೆಯ ದಿನ ಎದ್ದುಬರಲು ದೇಹವೇ ಇರುವುದಿಲ್ಲ ಎನ್ನುತ್ತಾನೆ. ನನ್ನ ಪತಿಯ ಮನೆಯವರು ಲಿಂಗಾಯತರು, "ನಾವೇ ಹೂಳುತ್ತೇವೆ, ನೀವು ಸುಡುತ್ತೀರಾ?" ಎಂದು ಅವರಿಗೆ ಆಶ್ಚರ್ಯ. ಹನ್ನೊಂದನೆಯ ದಿನ ಎಡೆ ಇಡಬಹುದೇ ಎಂಬುದನ್ನೂ ತಿಳಿಸಿ. ಇನ್ನೊಂದು ವಿಷಯವಿದೆ. ನನ್ನ ತಮ್ಮ 1994ರಲ್ಲಿ ತಾನಾಗಿ ಪ್ರಾಣ ಕಳೆದುಕೊಂಡ. ಆಗ ಅವನಿಗೆ ಪೂಜೆ ಕೊಡಲಿಲ್ಲ. ಸ್ಮಶಾನದ ಗೋಡೆಯ ಪಕ್ಕ, ಗುರುಗಳಿಲ್ಲದೆ ಹೂತೆವು. ಈಗಲಾದರೂ ಅವನ ಹೆಸರಿನಲ್ಲಿ ಪೂಜೆ ಹೇಳಿಸಬಹುದೇ? ಅಪ್ಪ ಸುಡಿ ಎನ್ನುವುದಕ್ಕೂ ಇದಕ್ಕೂ ಏನೋ ನಂಟಿದೆ ಎಂದು ನನಗೆ ಅನುಮಾನ.

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಅಣ್ಣನ ಮೊದಲ ಮಾತು 1963ಕ್ಕೆ ಮುಂಚೆ ಸರಿಯಾಗಿತ್ತು. ಆಗ ಜಾರಿಯಲ್ಲಿದ್ದದ್ದು ನಮ್ಮ ಕಥೋಲಿಕ ಧರ್ಮಸಭೆಯ 1917ರ ಕಾನೂನು ಸಂಹಿತೆ. ಅದರ 1203ನೆಯ ಕ್ಯಾನನ್, ಅಂದರೆ ಕಲಮು, ಶವವನ್ನು ಹೂಳಬೇಕು, ಸುಡುವಂತಿಲ್ಲ ಎಂದಿತ್ತು. ತನ್ನನ್ನು ಸುಡಬೇಕೆಂದು ಹೇಳಿ ಸತ್ತವರಿಗೆ 1240ನೆಯ ಕ್ಯಾನನ್ ಅಂತ್ಯಸಂಸ್ಕಾರವನ್ನೇ ನಿರಾಕರಿಸಿತ್ತು. 1963ರಲ್ಲಿ ರೋಮ್ ಹೊರಡಿಸಿದ ಸೂಚನೆ ಆ ನಿಷೇಧವನ್ನು ಸಡಿಲಿಸಿತು. 1983ರ ಹೊಸ ಸಂಹಿತೆ ಸಡಿಲಿಕೆಯನ್ನು ಕಾನೂನಾಗಿಯೇ ಬರೆದಿಟ್ಟಿತು. ರೋಮಿನಲ್ಲಿ ತಿದ್ದಿದ ಕಾನೂನು ನಮ್ಮ ಊರುಗಳ ಜಗುಲಿಯ ಮಾತಿಗೆ ಬಂದು ಸೇರಲು ಎರಡು ತಲೆಮಾರು ಬೇಕಾಗುತ್ತದೆ ಎಂಬುದಕ್ಕೆ ನಿಮ್ಮ ಮನೆಯ ಜಗಳವೇ ಸಾಕ್ಷಿ. ಅಣ್ಣನನ್ನು ದೂಷಿಸಬೇಡಿ. ಅವರಿಗೆ ಕಲಿಸಿದವರಿಗೆ ಕಲಿಸಿದವರು ಹಳೆಯ ಪಾಠ ಓದಿದವರು.

ಈಗಿನ ಕಾನೂನು ಚಿಕ್ಕದು. 1176ನೆಯ ಕ್ಯಾನನ್ನಿನ ಮೂರನೆಯ ಭಾಗದ ತಾತ್ಪರ್ಯ ಇಷ್ಟು: ಸತ್ತವರನ್ನು ಹೂಳುವ ಭಕ್ತಿಯ ಸಂಪ್ರದಾಯವನ್ನು ಉಳಿಸಿಕೊಳ್ಳಿ ಎಂದು ಧರ್ಮಸಭೆ ಒತ್ತಿ ಶಿಫಾರಸು ಮಾಡುತ್ತದೆ, ಆದರೆ ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕೆ ಆಯ್ದುಕೊಂಡ ಹೊರತು ಸುಡುವುದನ್ನು ನಿಷೇಧಿಸುವುದಿಲ್ಲ. ಶಿಫಾರಸು ಒಂದು, ನಿಷೇಧ ಇನ್ನೊಂದು. ನಮ್ಮಲ್ಲಿ ಎಷ್ಟೋ ಮಂದಿ, ಕೆಲವು ಗುರುಗಳೂ ಸೇರಿ, ಮೊದಲನೆಯದನ್ನು ಓದಿ ಎರಡನೆಯದನ್ನು ಆಡುತ್ತಾರೆ. ಕೇರಳ ಮೂಲದ ಸೀರೋ ಮಲಬಾರ್ ಕುಟುಂಬಗಳಿಗೆ ಪೌರಸ್ತ್ಯ ಸಭೆಗಳ ಬೇರೆಯೇ ಸಂಹಿತೆ ಇದೆ. ಅದರಲ್ಲಿಯೂ 876ನೆಯ ಕ್ಯಾನನ್ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಕೇರಳದ ಆಲಪ್ಪುಳ ಲ್ಯಾಟಿನ್ ಧರ್ಮಪ್ರಾಂತ್ಯ ತನ್ನ ಸ್ಮಶಾನದ ಆವರಣದಲ್ಲಿಯೇ ಶವಗಳನ್ನು ಸುಟ್ಟು ಬೂದಿಯನ್ನು ಅಲ್ಲಿಯೇ ಹೂಳಲು ಅನುಮತಿ ಕೊಟ್ಟದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ಹೊಸದೇನೂ ಇರಲಿಲ್ಲ.

ಹಾಗಾದರೆ ಮೊದಲು ನಿಷೇಧ ಏಕಿತ್ತು? ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ, ಮುಖ್ಯವಾಗಿ ಇಟಲಿಯಲ್ಲಿ, ಶವದಹನದ ಸಂಘಗಳು ಹುಟ್ಟಿಕೊಂಡವು. ಅವುಗಳ ಹಿಂದೆ ಫ್ರೀಮೇಸನ್ನರೆಂಬ ರಹಸ್ಯ ಸಂಘದವರಿದ್ದರು. ಸತ್ತ ಮೇಲೆ ಏನೂ ಇಲ್ಲ, ಪುನರುತ್ಥಾನ ಪಾದ್ರಿಗಳ ಕಟ್ಟುಕತೆ ಎಂದು ಸಾರುವುದಕ್ಕೆ ಚಿತೆ ಅವರಿಗೊಂದು ವೇದಿಕೆಯಾಯಿತು. 1886ರಲ್ಲಿ ವಿಶ್ವಾಸದ ವಿಷಯಗಳನ್ನು ನೋಡಿಕೊಳ್ಳುವ ರೋಮಿನ ಕಚೇರಿಯಾದ ಹೋಲಿ ಆಫೀಸ್ ಅಂಥ ಸಂಘಗಳನ್ನು ಸೇರುವುದನ್ನೂ ಸುಡಿಸಿಕೊಳ್ಳುವುದನ್ನೂ ತಡೆಯಿತು. ಧರ್ಮಸಭೆಯ ಜಗಳ ಬೆಂಕಿಯೊಡನೆ ಇರಲಿಲ್ಲ, ಆ ಬೆಂಕಿಯಿಂದ ಮಾಡುತ್ತಿದ್ದ ಘೋಷಣೆಯೊಡನೆ ಇತ್ತು. ಆ ಘೋಷಣೆ ಸತ್ತುಹೋದ ಮೇಲೆ ನಿಷೇಧಕ್ಕೆ ಆಧಾರವೂ ಉಳಿಯಲಿಲ್ಲ.

ಅಣ್ಣನ ಎರಡನೆಯ ಮಾತಿಗೆ, ಅಂದರೆ ದೇಹವೇ ಇಲ್ಲದೆ ಎದ್ದುಬರುವುದು ಹೇಗೆ ಎಂಬುದಕ್ಕೆ, ಕಾನೂನು ಪುಸ್ತಕ ತೆರೆಯುವ ಅಗತ್ಯವಿಲ್ಲ. ಫ್ರಾನ್ಸಿನ ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ರೂಆನ್ ಪಟ್ಟಣದಲ್ಲಿ ಸಜೀವವಾಗಿ ಸುಟ್ಟರು. ಯಾರೂ ಅವಶೇಷ ಇಟ್ಟುಕೊಳ್ಳಬಾರದೆಂದು ಬೂದಿಯನ್ನು ಸೇನ್ ನದಿಗೆ ಎಸೆದರು. 1920ರಲ್ಲಿ ಅದೇ ಧರ್ಮಸಭೆ ಆಕೆಯನ್ನು ಸಂತಳೆಂದು ಘೋಷಿಸಿತು. ಆಕೆಗೆ ಪುನರುತ್ಥಾನವಿಲ್ಲ ಎನ್ನುವ ಧೈರ್ಯ ನಿಮ್ಮ ಅಣ್ಣನಿಗಿದೆಯೇ ಕೇಳಿ. ಬೆಂಕಿಗೆ ಬಿದ್ದು ಸತ್ತ ರಕ್ತಸಾಕ್ಷಿಗಳಿಗೆ ಲೆಕ್ಕವಿಲ್ಲ. ಮಣ್ಣಿನಲ್ಲಿ ಹೂತ ದೇಹವಾದರೂ ನೂರು ವರ್ಷದ ಮೇಲೆ ಏನಾಗಿರುತ್ತದೆ? ದೇವರಿಗೆ ಕಷ್ಟವಾಗುತ್ತದೆಂದು ನಾವು ಹೂಳುತ್ತಿಲ್ಲ. ಕ್ರಿಸ್ತನನ್ನು ಹೂತರು, ಆದ್ದರಿಂದ ನಾವೂ ಹೂಳುತ್ತೇವೆ. ಇಷ್ಟೇ, ಮತ್ತು ಇದು ಸಣ್ಣ ಕಾರಣವಲ್ಲ.

ಈಗ ಬೂದಿಯ ವಿಷಯ. ಇಲ್ಲಿ ನಿಮ್ಮ ತಂದೆಯ ಮಾತಿಗೂ ಕಾನೂನಿಗೂ ನೇರ ಘರ್ಷಣೆಯಿದೆ, ಮರೆಮಾಚಿ ಪ್ರಯೋಜನವಿಲ್ಲ. 2016ರಲ್ಲಿ ರೋಮಿನ ವಿಶ್ವಾಸ ಬೋಧನೆಯ ಮಂಡಳಿ ಒಂದು ಸೂಚನಾಪತ್ರ ಹೊರಡಿಸಿತು. ಆಗಸ್ಟ್ 15 ಅದರ ದಿನಾಂಕ, ಪ್ರಕಟವಾದದ್ದು ಅಕ್ಟೋಬರ್ 25ರಂದು. ಅದರ ಪ್ರಕಾರ ಬೂದಿಯನ್ನು ಪವಿತ್ರ ಸ್ಥಳದಲ್ಲಿಯೇ ಇಡಬೇಕು: ಸ್ಮಶಾನ, ಅಥವಾ ದೇವಾಲಯ, ಅಥವಾ ಅದಕ್ಕೆಂದೇ ಮೀಸಲಾದ ಜಾಗ. ಗಾಳಿಗೆ ತೂರುವಂತಿಲ್ಲ, ನೆಲದ ಮೇಲೆ ಚೆಲ್ಲುವಂತಿಲ್ಲ, ನೀರಿಗೆ ಬಿಡುವಂತಿಲ್ಲ. ಮನೆಯವರು ಹಂಚಿಕೊಳ್ಳುವಂತಿಲ್ಲ. ಲಾಕೆಟ್ಟಿನಲ್ಲಿ, ಉಂಗುರದಲ್ಲಿ ಕೂಡಿಸಿಕೊಳ್ಳುವಂತಿಲ್ಲ. ಮನೆಯಲ್ಲಿಡಲು ಅನುಮತಿ ತೀರ ಅಪರೂಪದ ಸಂದರ್ಭದಲ್ಲಿ ಮಾತ್ರ, ಅದೂ ಧರ್ಮಾಧ್ಯಕ್ಷರಿಂದ (ಬಿಷಪ್).

ಏಕಿಷ್ಟು ಕಟ್ಟುನಿಟ್ಟು? ಮನೆಯ ಕಪಾಟಿನಲ್ಲಿಟ್ಟ ಬೂದಿ ಆ ಮನೆಯವರದಷ್ಟೇ ಆಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಅದು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಹೆಸರು ಬರೆದ ಜಾಗ ಇದ್ದರೆ ದಾರಿಹೋಕನೂ ನಿಂತು ಒಂದು ಪ್ರಾರ್ಥನೆ ಹೇಳುತ್ತಾನೆ. ಸತ್ತವರನ್ನು ಸ್ಮರಿಸುವ ನವೆಂಬರ್ 2ರಂದು ಇಡೀ ಧರ್ಮಕೇಂದ್ರ ಅಲ್ಲಿಗೆ ಬರುತ್ತದೆ. ಸತ್ತವರು ಒಂದು ಕುಟುಂಬದ ಆಸ್ತಿಯಲ್ಲ, ಸಮುದಾಯದವರು ಎಂಬುದು ಇದರ ಹಿಂದಿನ ಯೋಚನೆ. ನನಗೆ ಇದು ಸರಿ ಎನಿಸುತ್ತದೆ.

ಹಂಚಬಾರದು ಎಂಬ ಮಾತು ಮಾತ್ರ ಅಷ್ಟು ಸಲೀಸಲ್ಲ. ನಿಮ್ಮ ತಂದೆ ಗಣಿ ಕಾರ್ಮಿಕರ ನಡುವೆ ವಾದ ಮಾಡಿ ಬೆಳೆದವರಾದರೆ ಖಂಡಿತ ಕೇಳುತ್ತಾರೆ: "ಸಂತ ಫ್ರಾನ್ಸಿಸ್ ಝೇವಿಯರ್ ಗೋವದಲ್ಲಿದ್ದಾರೆ, ಅವರ ಬಲಗೈ ರೋಮಿನಲ್ಲಿದೆ. ಅವರಿಗೊಂದು ನ್ಯಾಯ, ನನಗೊಂದು ನ್ಯಾಯವೇ?" ನಿಜ. 1614ರಲ್ಲಿ ಆ ಮುಂಗೈಯನ್ನು ಕತ್ತರಿಸಿ ರೋಮಿಗೆ ಕಳುಹಿಸಿದ್ದು ಧರ್ಮಸಭೆಯ ಆಜ್ಞೆಯಿಂದಲೇ. ಇನ್ನೂ ಹಿಂದೆ, ಯುದ್ಧದಲ್ಲಿಯೋ ಯಾತ್ರೆಯಲ್ಲಿಯೋ ಸತ್ತ ದೊಡ್ಡವರ ದೇಹವನ್ನು ಕುದಿಸಿ ಮಾಂಸ ಬೇರ್ಪಡಿಸಿ ಎಲುಬುಗಳನ್ನು ಊರಿಗೆ ಒಯ್ಯುವ ಪದ್ಧತಿ ಯುರೋಪಿನಲ್ಲಿತ್ತು. 1299ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಅದನ್ನು ಅಸಹ್ಯವೆಂದು ಖಂಡಿಸಿ ತಡೆದರು. ಸಂತರ ಅವಶೇಷಗಳು ಸಾರ್ವಜನಿಕ ಗೌರವಕ್ಕಾಗಿ, ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಇರುವಂಥವು, ಅವನ್ನು ಮಾರುವುದನ್ನು 1190ನೆಯ ಕ್ಯಾನನ್ ಕಟ್ಟುನಿಟ್ಟಾಗಿ ತಡೆಯುತ್ತದೆ. ಕುಟುಂಬದವರು ಪಾಲು ಮಾಡಿಕೊಳ್ಳುವುದು ಬೇರೆ. ಇದು ನಮ್ಮ ಪಾಠಶಾಲೆಯ ಉತ್ತರ. ಉತ್ತರ ನಿಲ್ಲುತ್ತದೆ, ಆದರೆ ಸ್ವಲ್ಪ ಕುಂಟುತ್ತಾ ನಿಲ್ಲುತ್ತದೆ ಎಂದು ನಾನೇ ಹೇಳುತ್ತೇನೆ.

ರೋಮಿಗೂ ಹಾಗೆ ಅನ್ನಿಸಿತೋ ಏನೋ. 2023ರ ಡಿಸೆಂಬರಿನಲ್ಲಿ, ಇಟಲಿಯ ಬೊಲೋನ್ಯದ ಕಾರ್ಡಿನಲ್ ಝುಪ್ಪಿ ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಬಂದ ಟಿಪ್ಪಣಿಯಲ್ಲಿ ಎರಡು ಬಾಗಿಲು ತೆರೆದಿವೆ. ಹಲವರ ಬೂದಿಯನ್ನು ಒಂದೇ ಪವಿತ್ರ ಸ್ಥಳದಲ್ಲಿ ಕೂಡಿಸಿಡಬಹುದು, ಪ್ರತಿಯೊಬ್ಬರ ಹೆಸರನ್ನೂ ಅಲ್ಲಿ ದಾಖಲಿಸಬೇಕು. ಎರಡನೆಯದು ನಿಮಗೆ ಸಂಬಂಧಿಸಿದ್ದು: ಸತ್ತವರ ಬದುಕಿನಲ್ಲಿ ಮಹತ್ವವಿದ್ದ ಜಾಗವೊಂದರಲ್ಲಿ ಬೂದಿಯ ತೀರ ಸಣ್ಣ ಭಾಗವನ್ನು ಇಡಲು ಮನೆಯವರು ಕೋರಿದರೆ, ತಪ್ಪು ತಿಳಿವಳಿಕೆಗೆ ಎಡೆಯಿಲ್ಲದಿದ್ದರೆ, ಸಂಬಂಧಪಟ್ಟ ಅಧಿಕಾರಿ ಅದನ್ನು ಪರಿಶೀಲಿಸಬಹುದು. ಗಮನಿಸಿ, ತೀರ ಸಣ್ಣ ಭಾಗ, ಅರ್ಧವಲ್ಲ. ಇಡಲು, ಬಿಡಲು ಅಲ್ಲ. ಮತ್ತು ಇದು ಹಕ್ಕಲ್ಲ, ಕೋರಿಕೆ.

ಆದ್ದರಿಂದ ಕಾವೇರಿಗೆ ಅರ್ಧ ಎಂಬುದು ಆಗುವುದಿಲ್ಲ. ಆದರೆ ನದಿ ಏಕೆ ಎಂಬುದನ್ನು ತಂದೆಯ ಬಳಿ ಕೂತು ಕೇಳಿ. 1902ರಲ್ಲಿ ಶಿವನಸಮುದ್ರದ ಜಲಪಾತದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಗಣಿಗಳಿಗೆ. ನಿಮ್ಮ ತಂದೆಯೂ ಅದೇ ತಂತಿಯ ದಾರಿ ಹಿಡಿದು ಬಂದವರ ಹಾಗೆ ಕಾಣುತ್ತಾರೆ. ಹುಟ್ಟೂರಿನ ಮೇಲಿನ ಹಂಬಲವೇ ಕಾರಣವಾದರೆ ಅದರಲ್ಲಿ ಕ್ರೈಸ್ತ ಬೋಧನೆಗೆ ವಿರುದ್ಧವಾದದ್ದು ಏನೂ ಇಲ್ಲ, ಮತ್ತು ಅದಕ್ಕೆ ದಾರಿಯೂ ಇದೆ. ಒಂದು ಕೊಡ ಕಾವೇರಿಯ ನೀರು ತನ್ನಿ. ಗುರುಗಳು ಅದನ್ನೇ ಮಂತ್ರಿಸಿ ತೀರ್ಥ ಮಾಡಲಿ. ಸಮಾಧಿಯನ್ನೂ ಬೂದಿಯ ಪಾತ್ರೆಯನ್ನೂ ಪ್ರೋಕ್ಷಿಸುವುದು ಅದೇ ನೀರಿನಿಂದ ಆಗಲಿ. ತೀರ್ಥಕ್ಕೆ ಇಂಥದೇ ಬಾವಿಯ ನೀರು ಬೇಕೆಂದು ಯಾವ ವಿಧಿಯೂ ಹೇಳುವುದಿಲ್ಲ. ದೀಕ್ಷಾಸ್ನಾನದ ನೆನಪಿಗಾಗಿ ಚಿಮುಕಿಸುವ ನೀರು ಅದು. ಬಹುಶಃ ಅವರ ದೀಕ್ಷಾಸ್ನಾನವಾದದ್ದೂ ಕಾವೇರಿಯ ನೀರಿನಲ್ಲಿಯೇ. ನದಿಯಲ್ಲಿ ಕರಗಿ ಹೆಸರಿಲ್ಲದೆ ಹೋಗಬೇಕು ಎಂಬ ಆಸೆಯಾಗಿದ್ದರೆ ಅದು ಬೇರೆ ಮಾತು. ಅಲ್ಲಿ ಕಾನೂನಿಗಿಂತ ಮೊದಲು ಒಬ್ಬ ಒಳ್ಳೆಯ ಗುರು ಅವರೊಡನೆ ಮಾತನಾಡಬೇಕು.

ಇನ್ನು ಕ್ರಮ. ಮೊದಲು ಮನೆಯಲ್ಲಿ ಪ್ರಾರ್ಥನೆ, ನಂತರ ದೇಹವನ್ನು ದೇವಾಲಯಕ್ಕೆ ತಂದು ಬಲಿಪೂಜೆ, ಪಾಸ್ಕದ (ಈಸ್ಟರ್) ಮೇಣದ ಬತ್ತಿ, ತೀರ್ಥ, ಧೂಪ, ವಿದಾಯ ಪ್ರಾರ್ಥನೆ. ಇಲ್ಲಿಯವರೆಗೆ ಹೂಳುವವರಿಗೂ ಸುಡುವವರಿಗೂ ಒಂದೇ. ಅಲ್ಲಿಂದ ಚಿತಾಗಾರಕ್ಕೆ. ಸಮಾಧಿಯ ಬಳಿ ಹೇಳುವ ಪ್ರಾರ್ಥನೆಗಳನ್ನು ಚಿತಾಗಾರದಲ್ಲಿಯೇ ಹೇಳಲು ಅಂತ್ಯಸಂಸ್ಕಾರದ ವಿಧಿಪುಸ್ತಕ ಅವಕಾಶ ಕೊಟ್ಟಿದೆ. ಬೂದಿ ಕೈಗೆ ಬಂದ ಮೇಲೆ ಪೂರ್ತಿಯಾಗಿ ಒಂದು ಗಟ್ಟಿ ಪಾತ್ರೆಗೆ ಹಾಕಿ ತಾಯಿಯ ಸಮಾಧಿಯಲ್ಲಿ ಇಡಿ. ಇಲ್ಲಿಯೂ ಗುರುಗಳು ಬರಬೇಕು. ಆಸ್ತಿಕರಾದ ಮಕ್ಕಳು ಕೂಡ ಬೂದಿ ತಂದ ದಿನ ತಾವೇ ಹೋಗಿ ಗುಂಡಿಯಲ್ಲಿಟ್ಟು ಬಂದುಬಿಡುತ್ತಾರೆ. ಅದು ಅರ್ಧಕ್ಕೆ ನಿಲ್ಲಿಸಿದ ಸಂಸ್ಕಾರ. ಮರಣವನ್ನು 21 ದಿನಗಳೊಳಗೆ ನೋಂದಾಯಿಸುವುದು ಸರ್ಕಾರದ ಕಾನೂನು, ಅದನ್ನು ಮರೆಯಬೇಡಿ. ಸಮಾಧಿ ತೆರೆಸುವಾಗ ಆ ಪತ್ರ ಕೇಳುತ್ತಾರೆ.

ಅವರು ತುಮಕೂರಿನಲ್ಲಿ ನೆಲೆಸಿದ್ದಾರೆ, ಆದ್ದರಿಂದ ಅವರ ಧರ್ಮಕೇಂದ್ರ ಈಗ ತುಮಕೂರಿನದು. ಆದರೆ ತನ್ನ ಅಂತ್ಯಸಂಸ್ಕಾರ ಬೇರೆ ದೇವಾಲಯದಲ್ಲಿ ಆಗಲಿ ಎಂದು ಆಯ್ದುಕೊಳ್ಳುವ ಸ್ವಾತಂತ್ರ್ಯವನ್ನು 1177ನೆಯ ಕ್ಯಾನನ್ ಕೊಡುತ್ತದೆ, ಸ್ಮಶಾನವನ್ನು ಆಯ್ದುಕೊಳ್ಳುವ ಹಕ್ಕನ್ನು 1180ನೆಯದು. ಆ ದೇವಾಲಯದ ಗುರುಗಳು ಒಪ್ಪಬೇಕು, ತುಮಕೂರಿನ ಗುರುಗಳಿಗೆ ತಿಳಿಸಬೇಕು, ಅಷ್ಟೇ. ಎರಡೂ ಊರು ಬೆಂಗಳೂರು ಮಹಾಧರ್ಮಕ್ಷೇತ್ರದ ಒಳಗೇ ಇರುವುದರಿಂದ ಮೇಲೆ ಕೇಳಬೇಕಾದ ಕಚೇರಿಯೂ ಒಂದೇ.

ತೊಡಕು ಬರುವುದಾದರೆ ಸ್ಮಶಾನ ಸಮಿತಿಯಿಂದ. ಹಳೆಯ ಸಮಾಧಿ ತೆರೆಯಲು ಎಷ್ಟು ವರ್ಷ ಕಳೆದಿರಬೇಕು, ಶುಲ್ಕ ಎಷ್ಟು, ಕಲ್ಲಿನ ಮೇಲೆ ಎರಡನೆಯ ಹೆಸರು ಕೆತ್ತಿಸಬಹುದೇ, ಇವೆಲ್ಲ ಸ್ಥಳೀಯ ನಿಯಮಗಳು. ಬೂದಿಯ ಪಾತ್ರೆಗೆ ಒಂದೆರಡು ಅಡಿ ಆಳ ಸಾಕು, ಶವದ ಪೆಟ್ಟಿಗೆಗೆ ಬೇಕಾದಷ್ಟು ಅಗೆಯಬೇಕಿಲ್ಲ. ಸಮಿತಿಯವರಿಗೆ ಇದನ್ನು ಮೊದಲೇ ಹೇಳಿದರೆ ಅರ್ಧ ವಾದ ಮುಗಿಯುತ್ತದೆ. "ಸುಟ್ಟವರಿಗೆ ಇಲ್ಲಿ ಜಾಗವಿಲ್ಲ" ಎಂದು ಯಾರಾದರೂ ಹೇಳಿದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಕೊಡುವುದಿಲ್ಲ. ಧರ್ಮಸಭೆಯ ಕಾನೂನು, ಊರಿನ ರೂಢಿ, ಸಮಿತಿಯ ನಡಾವಳಿ, ಈ ಮೂರನ್ನೂ ಒಂದೇ ಗಂಟು ಕಟ್ಟಿ "ಚರ್ಚ್ ರೂಲ್ಸ್" ಎಂದು ತಲೆಯ ಮೇಲೆ ಹೊರಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಂಟು ಬಿಚ್ಚಿ ನೋಡಿದರೆ ಕಾನೂನಿನ ಪಾಲು ಸಾಮಾನ್ಯವಾಗಿ ತೀರ ಕಡಿಮೆ.

ನಿಮ್ಮ ಪತಿಯ ಮನೆಯವರ ಆಶ್ಚರ್ಯ ನನಗೆ ಇಷ್ಟವಾಯಿತು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಕ್ರಿಯಾಸಮಾಧಿಯನ್ನು 2019ರ ಜನವರಿಯಲ್ಲಿ ಕಂಡ ತುಮಕೂರಿನವರಿಗೆ, ದೇಹವನ್ನು ಗೌರವದಿಂದ ಮಣ್ಣಿಗೆ ಒಪ್ಪಿಸುವುದು ಎಂದರೇನು ಎಂದು ನಾವು ವಿವರಿಸಬೇಕಿಲ್ಲ. ಹೂಳುವವರೆಲ್ಲ ಕ್ರೈಸ್ತರಲ್ಲ, ಸುಡುವವರೆಲ್ಲ ಅಕ್ರೈಸ್ತರಲ್ಲ ಎಂಬುದು ಅಣ್ಣನಿಗೆ ನಿಮ್ಮ ಅಡುಗೆಮನೆಯಲ್ಲಿಯೇ ಗೊತ್ತಾಗಬಹುದಾದ ಸಂಗತಿ.

ಎಡೆಯ ಪ್ರಶ್ನೆ ಹಳೆಯದು, ನಮ್ಮ ಸೀಮೆಯಲ್ಲಿಯೇ ಹುಟ್ಟಿದ್ದು ಎಂದರೂ ತಪ್ಪಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜೆಸ್ವಿತ ಸಭೆಯ ಫ್ರೆಂಚ್ ಗುರುಗಳ ಕರ್ನಾಟಿಕ್ ಮಿಷನ್ನಿನ ಒಂದು ಠಾಣೆ ಚಿಕ್ಕಬಳ್ಳಾಪುರದಲ್ಲಿತ್ತು; ಅವರ ಪತ್ರಗಳಲ್ಲಿ ಊರಿನ ಹೆಸರು ಚಿನ್ನಬಳ್ಳಾಬರಂ. ಕಾವಿ ಉಟ್ಟು, ಮಾಂಸ ಬಿಟ್ಟು, ಇಲ್ಲಿಯವರ ಹಾಗೆ ಬದುಕಿದ ಆ ಪಾದ್ರಿಗಳು ಊರಿನ ಯಾವ ಆಚಾರವನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂದು ತಲೆ ಕೆಡಿಸಿಕೊಂಡರು. 1703ರಲ್ಲಿ ಪುದುಚೇರಿಗೆ ಬಂದಿಳಿದ ಪೋಪರ ಪ್ರತಿನಿಧಿ ಟೂರ್ನೋನ್ 1704ರಲ್ಲಿ ಅಂಥ ಹಲವು ಆಚಾರಗಳನ್ನು ತಡೆದರು. ಜಗಳ 1744ರವರೆಗೆ ಎಳೆಯಿತು, ಆಗ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಕೊನೆಯ ಮಾತು ಹೇಳಿದರು. ಇಲ್ಲಿಗೆ ಬರುವ ಮಿಷನರಿಗಳು ಈ ಆಚಾರಗಳ ವಿರುದ್ಧ ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣ ತೆಗೆದದ್ದು 1940ರಲ್ಲಿ. ಅಂದರೆ ನಿಮ್ಮ ಅಜ್ಜಿಯ ಕಾಲದ ಗುರುಗಳು ಫೋಟೋ ಮುಂದೆ ಹಚ್ಚಿದ ದೀಪ ಕಂಡು ಗದರಿದ್ದರೆ, ಅವರ ಬೆನ್ನ ಹಿಂದೆ ಇನ್ನೂರು ವರ್ಷದ ಅಂಜಿಕೆ ನಿಂತಿತ್ತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರ ಕೋರಿಕೆಯ ಮೇಲೆ ರೋಮ್ ಆರತಿ, ಅಂಜಲಿ ಮುಂತಾದವನ್ನು ಪೂಜೆಯೊಳಗೇ ಒಪ್ಪಿಕೊಂಡಿತು. ದೀಪ, ಹೂವು, ಊದುಬತ್ತಿಗೆ ಈಗ ಯಾರೂ ಗದರುವುದಿಲ್ಲ.

ಹಾಗಾಗಿ ಹನ್ನೊಂದನೆಯ ದಿನ ಪೂಜೆ ಹೇಳಿಸಿ, ತಂದೆಯ ಫೋಟೋಗೆ ಹಾರ ಹಾಕಿ, ಅವರಿಗೆ ಇಷ್ಟವಾದದ್ದನ್ನು ಮಾಡಿ ನೆಂಟರಿಷ್ಟರಿಗೂ ಬಡವರಿಗೂ ಬಡಿಸಿ. ಅಡ್ಡಿಯಿಲ್ಲ. ರೋಮನ್ ಸಂಪ್ರದಾಯದಲ್ಲಿ ಮೂರು, ಏಳು, ಮೂವತ್ತನೆಯ ದಿನಗಳೂ ವರ್ಷದ ದಿನವೂ ಇವೆ; ಹನ್ನೊಂದು ಇಲ್ಲ, ಆದರೆ ಆ ದಿನ ಬೇಡವೆಂದೂ ಇಲ್ಲ. ಸತ್ತವರು ಬಂದು ಉಣ್ಣುತ್ತಾರೆ, ಉಣ್ಣದಿದ್ದರೆ ಅತೃಪ್ತರಾಗಿ ಕಾಡುತ್ತಾರೆ ಎಂಬ ನಂಬಿಕೆಯಿಂದ ಬಾಗಿಲು ಮುಚ್ಚಿ ಎಡೆ ಇಡುವುದು ಬೇಡ. ಅವರು ದೇವರ ಕೈಯಲ್ಲಿದ್ದಾರೆ ಎಂದು ಚರ್ಚಿನಲ್ಲಿ ಹಾಡಿ, ಹಸಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಮನೆಯಲ್ಲಿ ನಂಬಿದರೆ ಎರಡರಲ್ಲಿ ಒಂದು ಸುಳ್ಳಾಗಬೇಕು. ಪತಿಯ ಮನೆಯಲ್ಲಿ ಅವರ ಹಿರಿಯರಿಗೆ ಶಿವಗಣಾರಾಧನೆ ನಡೆದಾಗ ಸೊಸೆಯಾಗಿ ನೀವು ಅಡುಗೆಗೆ ಕೈಹಾಕುವುದು, ಗೌರವದಿಂದ ನಿಲ್ಲುವುದು ಇದಕ್ಕೆ ಸೇರಿದ ಮಾತಲ್ಲ, ಅದಕ್ಕೆ ಯಾರ ಅನುಮತಿಯೂ ಬೇಡ.

ಇನ್ನು ನಿಮ್ಮ ತಮ್ಮ.

ಹೇಳಿಸಬಹುದು. ಹೇಳಿಸಬೇಕಿತ್ತು, ಆಗಲೇ. ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯಸಂಸ್ಕಾರ ನಿರಾಕರಿಸಿದ್ದು 1917ರ ಸಂಹಿತೆ, ಅದೂ ಬುದ್ಧಿಪೂರ್ವಕವಾಗಿ ಮಾಡಿಕೊಂಡವರಿಗೆ ಮಾತ್ರ. 1983ರ ಸಂಹಿತೆಯ 1184ನೆಯ ಕ್ಯಾನನ್ ಯಾರಿಗೆ ಅಂತ್ಯಸಂಸ್ಕಾರ ಕೊಡಬಾರದೆಂದು ಹೇಳುತ್ತದೆ: ಸಾರ್ವಜನಿಕವಾಗಿ ವಿಶ್ವಾಸ ತೊರೆದವರು, ವಿಶ್ವಾಸಕ್ಕೆ ವಿರುದ್ಧವಾದ ಕಾರಣಕ್ಕೆ ದಹನ ಆಯ್ದುಕೊಂಡವರು, ಜನರಿಗೆ ಎಡವುಗಲ್ಲಾಗುವಂಥ ಬಹಿರಂಗ ಪಾಪಿಗಳು. ಅವರು ಕೂಡ ಸಾಯುವ ಮುಂಚೆ ಪಶ್ಚಾತ್ತಾಪದ ಒಂದು ಸುಳಿವು ಕೊಟ್ಟಿದ್ದರೆ ಸಾಕು, ತಡೆ ಇಲ್ಲ. ಆತ್ಮಹತ್ಯೆ ಮಾಡಿಕೊಂಡವರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮರೆತು ಬಿಟ್ಟದ್ದಲ್ಲ, ತಿಳಿದೇ ತೆಗೆದದ್ದು. ಸಂದೇಹ ಬಂದರೆ ಗುರುಗಳು ತಾವೇ ತೀರ್ಮಾನಿಸದೆ ಧರ್ಮಾಧ್ಯಕ್ಷರನ್ನು ಕೇಳಬೇಕು ಎಂದು ಅದೇ ಕ್ಯಾನನ್ ಹೇಳುತ್ತದೆ. ಧರ್ಮಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥವೂ 2282 ಮತ್ತು 2283ನೆಯ ಸಂಖ್ಯೆಗಳಲ್ಲಿ, ತೀವ್ರ ಮನೋವ್ಯಾಕುಲ, ಭಯ, ಸಂಕಟ ಇವು ಹೊಣೆಯನ್ನು ಕುಗ್ಗಿಸಬಲ್ಲವು, ಇಂಥವರ ರಕ್ಷಣೆಯ ಬಗ್ಗೆ ನಿರಾಶೆ ಬೇಡ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎನ್ನುತ್ತದೆ.

1994ರ ಹೊತ್ತಿಗೆ ಹೊಸ ಕಾನೂನಿಗೆ ಹನ್ನೊಂದು ವರ್ಷ. ನಿಮ್ಮ ಮನೆಗೆ ಆದದ್ದು ಕಾನೂನಿನ ಕಠೋರತೆಯಲ್ಲ, ಕಾನೂನನ್ನು ಮೀರಿ ಮಾಡಿದ ಅನ್ಯಾಯ. ಇದನ್ನು ಮೆದುವಾಗಿ ಹೇಳಲು ನನಗೆ ಬರುವುದಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಬದುಕಿರುವ ಯಾರಿಗಾಗಿಯೂ ಸತ್ತ ಯಾರಿಗಾಗಿಯೂ ಪೂಜೆ ಒಪ್ಪಿಸಲು ಗುರುಗಳಿಗೆ ಸ್ವಾತಂತ್ರ್ಯವಿದೆ ಎಂದು 901ನೆಯ ಕ್ಯಾನನ್ ಹೇಳುತ್ತದೆ. ಆದ್ದರಿಂದ ತುಮಕೂರಿನಲ್ಲಿಯೇ, ನಿಮ್ಮ ಧರ್ಮಕೇಂದ್ರದಲ್ಲಿ, ತಮ್ಮನ ಹೆಸರು ಹೇಳಿ ಪೂಜೆ ಕೊಡಿ. ಹೆಸರನ್ನು ಗಟ್ಟಿಯಾಗಿ ಓದಲಿ. ಕಾಣಿಕೆಯ ಮೊತ್ತವನ್ನು ಆ ಪ್ರಾಂತದ ಧರ್ಮಾಧ್ಯಕ್ಷರು ಗೊತ್ತುಮಾಡಿರುತ್ತಾರೆ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೈಯಲ್ಲಿಲ್ಲದವರಿಗೆ ಕಾಣಿಕೆಯಿಲ್ಲದೆಯೂ ಪೂಜೆ ಒಪ್ಪಿಸಿ ಎಂದು 945ನೆಯ ಕ್ಯಾನನ್ ಗುರುಗಳಿಗೆ ಒತ್ತಿ ಹೇಳಿದೆ. ನಂತರ ಕೆಜಿಎಫ್‌ಗೆ ಹೋಗಿ ಅಲ್ಲಿಯ ಗುರುಗಳನ್ನು ಕರೆದು ತಮ್ಮನ ಸಮಾಧಿಯನ್ನು ಆಶೀರ್ವದಿಸಲು ಕೇಳಿ. ಈಗಿನ ಯಾವ ಗುರುವೂ ನಿರಾಕರಿಸಲಾರರು. ಬಹಳ ಮಂದಿಗೆ ಹೊಳೆಯದ ಇನ್ನೊಂದು ಕೆಲಸವಿದೆ: 1182ನೆಯ ಕ್ಯಾನನ್ ಪ್ರಕಾರ ಹೂತ ಪ್ರತಿಯೊಬ್ಬರ ಹೆಸರೂ ಧರ್ಮಕೇಂದ್ರದ ಮರಣ ದಾಖಲೆ ಪುಸ್ತಕದಲ್ಲಿ ಇರಬೇಕು. ಗುರುಗಳಿಲ್ಲದೆ ಹೂತಿದ್ದರಿಂದ ತಮ್ಮನ ಹೆಸರು ಅಲ್ಲಿ ಬರೆದಿರಲಿಕ್ಕಿಲ್ಲ. ಪುಸ್ತಕ ತೆಗೆಸಿ ನೋಡಿ. ಇಲ್ಲದಿದ್ದರೆ ಸರ್ಕಾರದ ಮರಣ ಪತ್ರವನ್ನೂ ಹೂಳುವಾಗ ಇದ್ದ ಇಬ್ಬರ ಸಹಿಯನ್ನೂ ಇಟ್ಟು, ತಡವಾಗಿಯಾದರೂ ಸೇರಿಸಿ ಎಂದು ಅರ್ಜಿ ಕೊಡಿ. ಹೆಸರು, ತಂದೆತಾಯಿಯ ಹೆಸರು, ಸತ್ತ ದಿನ, ಹೂತ ಜಾಗ, ಇಷ್ಟು ಸಾಲು. ಸಾವಿನ ಕಾರಣ ಬರೆಯಿಸಬೇಕೆಂದು ಯಾರಾದರೂ ಹಟ ಹಿಡಿದರೆ ಒಪ್ಪಬೇಡಿ.

ನಿಮ್ಮ ಅನುಮಾನದ ಬಗ್ಗೆ ನಾನು ದೂರದಿಂದ ತೀರ್ಪು ಕೊಡಲಾರೆ, ಆದರೆ ತಳ್ಳಿಹಾಕಲಾರೆ. ಮಗನನ್ನು ಗೋಡೆಯ ಪಕ್ಕ ಹೂತು ಬಂದ ತಂದೆಗೆ ಆ ಸ್ಮಶಾನದ ಮೇಲೆ ಮುನಿಸು ಇದ್ದರೆ ಅದು ವಿಶ್ವಾಸಕ್ಕೆ ವಿರುದ್ಧವಾದ ಕಾರಣವಲ್ಲ. 1176ನೆಯ ಕ್ಯಾನನ್ನಿನ ತಡೆ ಅವರಿಗೆ ಅನ್ವಯಿಸುವುದಿಲ್ಲ. ಸುಡಿ ಎಂಬ ಮಾತಿಗೆ ಅವರು ಅಂಟಿಕೊಂಡರೂ ಪೂಜೆಗೆ ಕುತ್ತಿಲ್ಲ. ಆದರೆ ಮಗನ ಹೆಸರಿನಲ್ಲಿ ಪೂಜೆಯಾದ ಮೇಲೆ, ಅವನ ಸಮಾಧಿಗೆ ತೀರ್ಥ ಬಿದ್ದ ಮೇಲೆ, ಇನ್ನೊಮ್ಮೆ ಅವರನ್ನು ಕೇಳಿ ನೋಡಿ. ಉತ್ತರ ಬದಲಾಗಬಹುದು, ಆಗದಿರಬಹುದು. ಎರಡರಲ್ಲಿ ಯಾವುದಾದರೂ ಅದು ಅವರದೇ ಆಯ್ಕೆ. ಅಣ್ಣನದೂ ಅಲ್ಲ, ನಿಮ್ಮದೂ ಅಲ್ಲ.

ಅವರ ತೀರ್ಮಾನವನ್ನು ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಿ: ಕಥೋಲಿಕ ವಿಶ್ವಾಸದಲ್ಲಿ ಸಾಯುತ್ತೇನೆ, ಬಲಿಪೂಜೆಯೊಡನೆ ಅಂತ್ಯಸಂಸ್ಕಾರ ಬೇಕು, ಇಂಥ ದೇವಾಲಯ, ಇಂಥ ಸ್ಮಶಾನ, ಸುಡಬೇಕೋ ಹೂಳಬೇಕೋ, ಬೂದಿ ಪೂರ್ತಿಯಾಗಿ ಎಲ್ಲಿ. ಸಹಿ, ದಿನಾಂಕ, ಇಬ್ಬರು ಸಾಕ್ಷಿಗಳು. ಅವರಲ್ಲಿ ಒಬ್ಬರು ಅಣ್ಣನೇ ಆದರೆ ಒಳ್ಳೆಯದು. ಒಂದು ಪ್ರತಿ ತುಮಕೂರಿನ ಗುರುಗಳ ಬಳಿ, ಇನ್ನೊಂದು ಕೆಜಿಎಫ್‌ನ ಗುರುಗಳ ಬಳಿ ಇರಲಿ. ದೊಡ್ಡ ಹಬ್ಬಗಳಂದು, ಪವಿತ್ರ ಗುರುವಾರದಿಂದ ಪಾಸ್ಕದವರೆಗಿನ ದಿನಗಳಲ್ಲಿ, ಕ್ರಿಸ್ಮಸ್ ಮುಂಚಿನ ಆಗಮನ ಕಾಲ, ಪಾಸ್ಕದ ಮುಂಚಿನ ತಪಸ್ಸಿನ ಕಾಲ ಮತ್ತು ಪಾಸ್ಕ ಕಾಲದ ಭಾನುವಾರಗಳಂದು ಅಂತ್ಯಸಂಸ್ಕಾರದ ಬಲಿಪೂಜೆ ಇರುವುದಿಲ್ಲ. ಆ ದಿನ ಪ್ರಾರ್ಥನಾವಿಧಿ ಮಾತ್ರ ನಡೆದು ಪೂಜೆ ಮುಂದಿನ ದಿನಕ್ಕೆ ಹೋಗುತ್ತದೆ. ಹಾಗಾದರೆ "ಸುಟ್ಟದ್ದಕ್ಕೇ ಪೂಜೆ ಕೊಡಲಿಲ್ಲ" ಎಂದು ಯಾರೂ ಅಂದುಕೊಳ್ಳದಂತೆ ಮನೆಯವರಿಗೆ ಮೊದಲೇ ತಿಳಿಸಿಡಿ. ತಮ್ಮನ ಪೂಜೆಯನ್ನು ಮಾತ್ರ ಇದಾವುದಕ್ಕೂ ಕಾಯಿಸಬೇಡಿ, ಈ ವಾರವೇ ಹೇಳಿಸಿ.